ಪ್ಯಾನೆಲ್ ಬಾಗಿಲಿನ ಮೇಲಿನ ಹಳೇ ಅಂಕಿ

ಪೀಣ್ಯದ ಒಂದು ಕಾರ್ಖಾನೆ. ಇಡೀ ಕಾರ್ಖಾನೆಗೆ ಕರೆಂಟ್ ಹಂಚುವ ಮೇನ್ ಪ್ಯಾನೆಲ್ ರೂಮಿನಲ್ಲಿ ನಿಂತಿದ್ದೆ. ಬಾಗಿಲಿನ ಮೇಲೆ ಅಂಗೈ ಅಗಲದ ಕಿತ್ತಳೆ ಬಣ್ಣದ ಸ್ಟಿಕ್ಕರ್. ಪ್ರತಿ ವರ್ಷ ಆಯುಧ ಪೂಜೆಗೆ ಹಚ್ಚಿದ ಕುಂಕುಮ, ವಿಭೂತಿ ಅದರ ಮೇಲೆ ಪದರ ಕಟ್ಟಿತ್ತು. ಬೆರಳಿನಿಂದ ಒರೆಸಿ ನೋಡಿದೆ. 6.2 ಕ್ಯಾಲೊರಿ ಅಂತ ಬರೆದಿತ್ತು. ಪ್ಯಾನೆಲ್ ಒಳಗೆ ಕರೆಂಟ್ ಸಿಡಿದರೆ ಮುಂದೆ ನಿಂತವನ ಮೈಮೇಲೆ ಬೀಳಬಹುದಾದ ಬಿಸಿಯ ಅಳತೆ ಅದು. ಕೆಳಗೆ ಸಣ್ಣ ಅಕ್ಷರದಲ್ಲಿ ವರ್ಷ: 2015.

ಅಲ್ಲಿನ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ಇದ್ದ. ಗೋಡೆಗೆ ನೇತು ಹಾಕಿದ್ದ ಸೂಟ್ ತೋರಿಸಿದ. 8 ಕ್ಯಾಲೊರಿ ತಡೆಯುವ ಸೂಟ್. "ಈ ನಂಬರ್ ನೋಡ್ಕೊಂಡೇ ಇದನ್ನ ತರಿಸಿದ್ದು ಸಾರ್. ಬಾಗಿಲು ತೆಗೆಯೋ ಮುಂಚೆ ಹಾಕ್ಕೊಳ್ತೀನಿ" ಅಂದ. ಹುಡುಗ ಶಿಸ್ತಿನವನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು.

ಆಮೇಲೆ ಹೊರಗೆ ಯಾರ್ಡಿಗೆ ಹೋದೆವು. ಟ್ರಾನ್ಸ್‌ಫಾರ್ಮರ್‌ನ ನೇಮ್‌ಪ್ಲೇಟ್ ಮೇಲೆ ಅದರ ಸಾಮರ್ಥ್ಯ ಓದಿದೆ. 1000 ಕೆವಿಎ. ಪ್ಯಾನೆಲ್ ರೂಮಿನ ಗೋಡೆಯ ಮೇಲಿದ್ದ ಡ್ರಾಯಿಂಗ್‌ನಲ್ಲಿ 500 ಅಂತ ಇತ್ತು.

"ಇದನ್ನ ಯಾವಾಗ ಬದಲಾಯಿಸಿದ್ದು?"

"ಹೊಸ ಶೆಡ್ ಕಟ್ಟಿದಾಗ ಸಾರ್. ನಾಲ್ಕು ವರ್ಷ ಆಯ್ತು."

ನಾಲ್ಕು ವರ್ಷದಿಂದ ಆ ಹುಡುಗ ಹಳೇ ಟ್ರಾನ್ಸ್‌ಫಾರ್ಮರ್‌ನ ಲೆಕ್ಕ ನಂಬಿಕೊಂಡು ಹೊಸ ಟ್ರಾನ್ಸ್‌ಫಾರ್ಮರ್‌ನ ಮುಂದೆ ನಿಂತಿದ್ದ. ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಹಬ್ಬ ಹುಡುಕಿದ ಹಾಗೆ. ಹಬ್ಬದ ತಾರೀಕು ತಪ್ಪಿದರೆ ಕೆಲವು ದಿನ ಹಿಂದೆ ಮುಂದೆ ಆಗುತ್ತದೆ, ಅಷ್ಟೇ. ಇಲ್ಲಿ ತಪ್ಪಿದರೆ ಮೈ ಸುಡುತ್ತದೆ.

ಆ ಸ್ಟಿಕ್ಕರ್ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ, ಯಾಕೆ ಹಳತಾಗುತ್ತದೆ, ಅದನ್ನು ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ ಅಂತ ಹೇಳಬೇಕು ಅನ್ನಿಸಿತು. ಕಾರ್ಖಾನೆ ನಡೆಸುವವರಿಗೂ ಇದು ಗೊತ್ತಿರಬೇಕು, ಪ್ಯಾನೆಲ್ ಮುಂದೆ ನಿಲ್ಲುವವರಿಗೂ ಗೊತ್ತಿರಬೇಕು.

ಕರೆಂಟ್ ಅಂದ ಕೂಡಲೇ ನಮಗೆ ನೆನಪಾಗುವುದು ಶಾಕ್. ತಂತಿ ಮುಟ್ಟಿದರೆ ಹೊಡೆಯುತ್ತದೆ, ಮುಟ್ಟದಿದ್ದರೆ ಏನೂ ಇಲ್ಲ ಅನ್ನೋ ನಂಬಿಕೆ. ಆದರೆ ಮುಟ್ಟದೆಯೂ ಸುಡುವ ಇನ್ನೊಂದು ಅಪಾಯ ಇದೆ. ಪ್ಯಾನೆಲ್ ಒಳಗೆ ಒಂದು ಸ್ಪ್ಯಾನರ್ ಕೈ ಜಾರಿ ಎರಡು ಬಸ್‌ಬಾರ್ (ಕರೆಂಟ್ ಹರಿಯುವ ದಪ್ಪ ಲೋಹದ ಕಂಬಿ) ನಡುವೆ ಬಿತ್ತು ಅಂದುಕೊಳ್ಳಿ. ಅಥವಾ ಒಂದು ಇಲಿಯೋ ಹಲ್ಲಿಯೋ ಹೊಕ್ಕಿತು. ಕರೆಂಟ್ ಗಾಳಿಯಲ್ಲೇ ಹಾಯಲು ಶುರುವಾಗುತ್ತದೆ. ಇದೇ ಆರ್ಕ್ ಫ್ಲ್ಯಾಶ್. ಆ ಬಿಂದುವಿನ ಬಿಸಿ ಸುಮಾರು 20,000 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಸೂರ್ಯನ ಮೇಲ್ಮೈಗಿಂತ ಮೂರು ಪಟ್ಟು ಜಾಸ್ತಿ. ತಾಮ್ರ ಕರಗುವುದಷ್ಟೇ ಅಲ್ಲ, ಆವಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಸಿಡಿತ. ಬಾಗಿಲು ಕಿತ್ತು ಬರುತ್ತದೆ, ಕರಗಿದ ಲೋಹ ಮುಖಕ್ಕೆ ಎರಚುತ್ತದೆ, ಕಿವಿ ಹೋಗಬಹುದು.

1982ರಲ್ಲಿ ಅಮೆರಿಕದ ಎಂಜಿನಿಯರ್ ರಾಲ್ಫ್ ಲೀ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಶಾಕ್ ಬಿಟ್ಟು ಕರೆಂಟಿನ ಇನ್ನೊಂದು ಅಪಾಯ ಇದು ಅಂತ ಲೆಕ್ಕ ಸಮೇತ ತೋರಿಸಿದರು. ಎಷ್ಟು ದೂರದಲ್ಲಿ ನಿಂತರೆ ಎಷ್ಟು ಸುಡುತ್ತದೆ ಅಂತ ಅಳೆಯುವ ಕೆಲಸ ಅಲ್ಲಿಂದ ಬೆಳೆಯಿತು.

ಅಳತೆಯ ಲೆಕ್ಕ ಸುಲಭ. ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಎಷ್ಟು ಕ್ಯಾಲೊರಿ ಬಿಸಿ ಬೀಳುತ್ತದೆ ಅನ್ನುವುದು. 1.2 ಕ್ಯಾಲೊರಿ ಬಿದ್ದರೆ ಬರಿ ಮೈಯಲ್ಲಿ ಬೊಬ್ಬೆ ಏಳುವ ಸುಟ್ಟ ಗಾಯ ಶುರು. ಲೈಟರ್‌ನ ನೀಲಿ ಉರಿಯ ಮೇಲೆ ಬೆರಳ ತುದಿ ಒಂದು ಸೆಕೆಂಡ್ ಹಿಡಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಆದರೆ ಇಲ್ಲಿ ಬೆರಳ ತುದಿಗಷ್ಟೇ ಅಲ್ಲ, ಮುಖ, ಎದೆ, ಕೈ ಎಲ್ಲದಕ್ಕೂ ಒಟ್ಟಿಗೆ. ಸೂಟುಗಳು ಬರುವುದೂ ಇದೇ ಅಳತೆಯಲ್ಲಿ: 4, 8, 25, 40 ಕ್ಯಾಲೊರಿ ತಡೆಯುವಂಥವು. ನಮ್ಮ ಕಾರ್ಖಾನೆಗಳ ಟೆರಿಕಾಟ್ ಯೂನಿಫಾರ್ಮ್ ಈ ಪಟ್ಟಿಯಲ್ಲೇ ಇಲ್ಲ. ಅದರಲ್ಲಿರುವ ಪಾಲಿಯೆಸ್ಟರ್ ಸುಟ್ಟರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಪ್ಯಾನೆಲ್ ಕೆಲಸ ಮಾಡುವವರಿಗೆ ಆ ಬಟ್ಟೆ ಕೊಡಲೇಬಾರದು ಅನ್ನುವುದು ನನ್ನ ಗಟ್ಟಿ ಮಾತು.

ಈಗ ಅಂಕಿಯ ವಿಷಯ. ಸ್ಟಿಕ್ಕರ್ ಮೇಲಿನ ಕ್ಯಾಲೊರಿ ಮುಖ್ಯವಾಗಿ ಮೂರು ವಿಷಯದಿಂದ ಹುಟ್ಟುತ್ತದೆ. ಶಾರ್ಟ್ ಆದಾಗ ಎಷ್ಟು ಕರೆಂಟ್ ನುಗ್ಗುತ್ತದೆ, ಬ್ರೇಕರ್ ಎಷ್ಟು ಬೇಗ ಅದನ್ನು ಕತ್ತರಿಸುತ್ತದೆ, ಮನುಷ್ಯ ಎಷ್ಟು ಹತ್ತಿರ ನಿಂತಿದ್ದಾನೆ. ದೂರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಸಣ್ಣ ಪ್ಯಾನೆಲ್‌ಗೆ 455 ಮಿಲಿಮೀಟರ್, ಅಂದರೆ ಒಂದೂವರೆ ಅಡಿ ಅಂತ ಇಟ್ಟುಕೊಳ್ಳುತ್ತಾರೆ. ಉಳಿದ ಎರಡು ಮಾತ್ರ ಕಾರ್ಖಾನೆಯಲ್ಲಿ ಯಾವತ್ತೂ ನಿಂತಲ್ಲಿ ನಿಲ್ಲುವುದಿಲ್ಲ.

ಮೊದಲು ಆ ಟ್ರಾನ್ಸ್‌ಫಾರ್ಮರ್ ಲೆಕ್ಕ ನೋಡೋಣ. 500 ಕೆವಿಎ, 433 ವೋಲ್ಟ್. ಫುಲ್ ಲೋಡ್ ಕರೆಂಟ್ ಸುಮಾರು 667 ಆಂಪಿಯರ್. ನೇಮ್‌ಪ್ಲೇಟ್ ಮೇಲೆ ಇಂಪೀಡೆನ್ಸ್, ಅಂದರೆ ಟ್ರಾನ್ಸ್‌ಫಾರ್ಮರ್‌ನ ಒಳಗಿನ ತಡೆ, 4.5 ಶೇಕಡ ಅಂತ ಇದ್ದರೆ, 667ನ್ನು 0.045ರಿಂದ ಭಾಗಿಸಿ. ಸುಮಾರು 14,800 ಆಂಪಿಯರ್. ಶಾರ್ಟ್ ಆದಾಗ ನುಗ್ಗಬಹುದಾದ ಕರೆಂಟ್ ಇದು. ಈಗ 1000 ಕೆವಿಎ, 5 ಶೇಕಡ. ಫುಲ್ ಲೋಡ್ 1,333 ಆಂಪಿಯರ್, ಶಾರ್ಟ್ ಆದಾಗ ಸುಮಾರು 26,700. ಮೇಲಿನಿಂದ ಬರುವ ಹನ್ನೊಂದು ಕೆವಿ (11,000 ವೋಲ್ಟ್) ಲೈನ್, ಕೇಬಲ್ ಎಲ್ಲದರ ತಡೆ ಸೇರಿಸಿದರೆ ಎರಡೂ ಅಂಕಿ ಸ್ವಲ್ಪ ಇಳಿಯುತ್ತವೆ. ಆದರೂ ಹೆಚ್ಚುಕಡಿಮೆ ದುಪ್ಪಟ್ಟು ಅನ್ನುವುದು ಬದಲಾಗುವುದಿಲ್ಲ.

ಇಲ್ಲಿ ಇನ್ನೊಂದು ಅಪಾಯ ಅಡಗಿದೆ. ಆ ಪ್ಯಾನೆಲ್‌ನ ಎಂಸಿಸಿಬಿಗಳ (ಪ್ಯಾನೆಲ್‌ನ ದೊಡ್ಡ ಬ್ರೇಕರ್‌ಗಳ) ಮೇಲೆ 25 ಕಿಲೋ ಆಂಪಿಯರ್ ಅಂತ ಅಚ್ಚಾಗಿತ್ತು. ಅಂದರೆ ಆ ಬ್ರೇಕರ್ ಒಡೆಯದೆ ಕತ್ತರಿಸಬಲ್ಲ ಕರೆಂಟ್ ಅಷ್ಟೇ. 500 ಕೆವಿಎ ಇದ್ದಾಗ ಧಾರಾಳವಾಗಿತ್ತು. ಈಗ ಅಂಚಿಗೆ ಬಂದು ನಿಂತಿದೆ. ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡಿದವರು ಲೋಡ್ ಸಾಕಾಗುತ್ತಾ ಅಂತ ನೋಡಿದ್ದರು. ಬ್ರೇಕರ್ ತಡೆಯುತ್ತಾ ಅಂತ ಯಾರೂ ಕೇಳಿರಲಿಲ್ಲ.

ಟ್ರಾನ್ಸ್‌ಫಾರ್ಮರ್ ಕಣ್ಣಿಗೆ ಕಾಣುವ ಬದಲಾವಣೆ. ಕ್ರೇನ್ ಬರಬೇಕು, ಬಿಲ್ ಆಗಬೇಕು, ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಯಾರಿಗೂ ಕಾಣದ ಬದಲಾವಣೆ. ಅದು ಬ್ರೇಕರ್ ಮುಖದ ಮೇಲಿರುವ ಒಂದು ಸಣ್ಣ ತಿರುಗುಣಿ. ಶರ್ಟಿನ ಗುಂಡಿಯಷ್ಟು ಅಗಲ, ನಡುವೆ ಸ್ಕ್ರೂಡ್ರೈವರ್ ಕೂರುವ ಗೀರು, ಸುತ್ತ 2, 4, 6, 8, 10 ಅಂತ ಅಂಕಿಗಳು. ದೊಡ್ಡ ಕರೆಂಟ್ ಬಂದಾಗ ಒಂದು ಕ್ಷಣವೂ ಕಾಯದೆ ಟ್ರಿಪ್ ಆಗುವ ಮಟ್ಟ ಎಷ್ಟು ಅಂತ ಹೇಳುವುದು ಅದೇ. 800 ಆಂಪಿಯರ್ ಬ್ರೇಕರ್‌ನಲ್ಲಿ 4ಕ್ಕೆ ಇಟ್ಟರೆ 3,200 ಆಂಪಿಯರ್‌ಗೆ ಹಾರುತ್ತದೆ. 10ಕ್ಕೆ ಇಟ್ಟರೆ 8,000ಕ್ಕೆ.

ನಡೆಯುವುದು ಹೀಗೆ. ಹೊಸದಾಗಿ ದೊಡ್ಡ ಮೋಟಾರ್ ಕೂರಿಸುತ್ತಾರೆ. ಸ್ಟಾರ್ಟ್ ಆಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಬ್ರೇಕರ್ ಟ್ರಿಪ್ ಆಗುತ್ತದೆ. ರಾತ್ರಿ ಪಾಳಿ, ಪ್ರೊಡಕ್ಷನ್ ನಿಂತಿದೆ, ಮೇಲಿನಿಂದ ಫೋನ್ ಮೇಲೆ ಫೋನ್. ಯಾರೋ ಸ್ಕ್ರೂಡ್ರೈವರ್ ತಂದು ಆ ತಿರುಗುಣಿಯನ್ನು 4ರಿಂದ 10ಕ್ಕೆ ತಿರುಗಿಸುತ್ತಾರೆ. ಟ್ರಿಪ್ ನಿಂತಿತು, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದರು. ಆ ಹತ್ತು ಸೆಕೆಂಡಿನ ಕೆಲಸ ಯಾವ ಪುಸ್ತಕದಲ್ಲೂ ಬರುವುದಿಲ್ಲ. ನಾನೂ ಕೆಲಸ ಕಲಿಯುವ ದಿನಗಳಲ್ಲಿ ಹಾಗೆ ತಿರುಗಿಸಿದ್ದೇನೆ. ಅದರ ಬೆಲೆ ಆಗ ನನಗೆ ಗೊತ್ತಿರಲಿಲ್ಲ.

ಬೆಲೆ ಏನು? ಆರ್ಕ್ ಅಂದರೆ ಪೂರ್ತಿ ಶಾರ್ಟ್ ಅಲ್ಲ. ನಡುವೆ ಗಾಳಿ ಇರುತ್ತದೆ, ಅದರದ್ದೇ ತಡೆ ಇರುತ್ತದೆ. ಈ ವೋಲ್ಟೇಜ್ ಮಟ್ಟದಲ್ಲಿ ಆರ್ಕ್ ಕರೆಂಟ್, ಲೆಕ್ಕ ಹಾಕಿದ ಶಾರ್ಟ್ ಕರೆಂಟಿನ ಅರ್ಧದಷ್ಟಕ್ಕೆ ಇಳಿಯಬಹುದು. 14,800ರಲ್ಲಿ ಅರ್ಧ 7,400. ತಿರುಗುಣಿ 4ರಲ್ಲಿದ್ದರೆ ಬ್ರೇಕರ್ ಕಣ್ಣು ಮಿಟುಕಿಸುವುದರೊಳಗೆ, ಅಂದರೆ 0.05 ಸೆಕೆಂಡಿನಲ್ಲಿ, ಕತ್ತರಿಸುತ್ತದೆ. 10ರಲ್ಲಿದ್ದರೆ? 8,000 ದಾಟಿಲ್ಲವಲ್ಲ. ಬ್ರೇಕರ್‌ಗೆ ಅದು ಬರೀ ಓವರ್‌ಲೋಡ್ ಹಾಗೆ ಕಾಣುತ್ತದೆ. ಕಾಯುತ್ತದೆ. ಬಿಸಿ ಸಮಯದ ಲೆಕ್ಕದಲ್ಲಿ ನೇರವಾಗಿ ಏರುತ್ತದೆ. 0.05 ಸೆಕೆಂಡ್ ಹೋಗಿ 2 ಸೆಕೆಂಡ್ ಆದರೆ 40 ಪಟ್ಟು. 2 ಕ್ಯಾಲೊರಿ ಇದ್ದದ್ದು 80 ಆಗುತ್ತದೆ. 40 ಕ್ಯಾಲೊರಿ ಸೂಟೂ ಸಾಲದು. ಸಾಮಾನ್ಯವಾಗಿ ಲೆಕ್ಕವನ್ನು 2 ಸೆಕೆಂಡಿಗೆ ನಿಲ್ಲಿಸುತ್ತಾರೆ, ಅಷ್ಟರಲ್ಲಿ ಮನುಷ್ಯ ಹಿಂದೆ ಸರಿದಿರುತ್ತಾನೆ ಅನ್ನುವ ನಂಬಿಕೆಯಿಂದ. ಇಕ್ಕಟ್ಟಾದ ಪ್ಯಾನೆಲ್ ರೂಮಿನಲ್ಲಿ, ಹಿಂದೆ ಖಾಲಿ ಕೇಬಲ್ ಡ್ರಮ್ ಇಟ್ಟಿದ್ದರೆ, ಸರಿಯುವುದು ಎಲ್ಲಿಗೆ?

ಇದರಲ್ಲಿ ಇನ್ನೊಂದು ಮಾತು ಗಮನಿಸಿ. ಕರೆಂಟ್ ಕಡಿಮೆ ಆದರೆ ಅಪಾಯ ಕಡಿಮೆ ಅನ್ನುವ ಹಾಗಿಲ್ಲ. ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರ್, ಇದಕ್ಕೆ ಒಳ್ಳೇ ಉದಾಹರಣೆ. ಗ್ರಿಡ್ ಹೋಗಿ ಜನರೇಟರ್ ಮೇಲೆ ಓಡುವಾಗ ಶಾರ್ಟ್ ಕರೆಂಟ್ ತುಂಬಾ ಕಡಿಮೆ. 500 ಕೆವಿಎ ಜನರೇಟರ್ ಮೊದಲ ಕ್ಷಣದಲ್ಲಿ ಐದಾರು ಸಾವಿರ ಆಂಪಿಯರ್ ಕೊಡಬಹುದು, ಆಮೇಲೆ ಅದೂ ಇಳಿಯುತ್ತದೆ. ಗ್ರಿಡ್‌ಗೆ ಅಂತ ಹೊಂದಿಸಿದ ಬ್ರೇಕರ್ ಅದನ್ನು ಗುರುತಿಸುವುದೇ ನಿಧಾನ. ಕರೆಂಟ್ ಕಡಿಮೆ, ಆದರೆ ಸುಡುವ ಹೊತ್ತು ಜಾಸ್ತಿ. ಹಾಗಾಗಿ ಸ್ಟಿಕ್ಕರ್ ಅಂಕಿಯ ಈ ಲೆಕ್ಕದ ಅಧ್ಯಯನ ಮಾಡುವಾಗ ಗ್ರಿಡ್ ಮೇಲೆ ಒಮ್ಮೆ, ಡಿಜಿ ಮೇಲೆ ಒಮ್ಮೆ ಲೆಕ್ಕ ಹಾಕಿ, ಯಾವುದು ಜಾಸ್ತಿಯೋ ಅದನ್ನು ಸ್ಟಿಕ್ಕರ್ ಮೇಲೆ ಬರೆಯಬೇಕು. ನಿಮ್ಮ ಹಳೇ ರಿಪೋರ್ಟಿನಲ್ಲಿ ಡಿಜಿ ಲೆಕ್ಕ ಇದೆಯಾ ಅಂತ ಒಮ್ಮೆ ತೆರೆದು ನೋಡಿ. ನಾನು ನೋಡಿದ ಎಷ್ಟೋ ರಿಪೋರ್ಟುಗಳಲ್ಲಿ ಇರಲಿಲ್ಲ. ಛಾವಣಿಯ ಮೇಲೆ ಸೋಲಾರ್ ಹಾಕಿಸಿದ್ದರೆ ಅದನ್ನೂ ಸೇರಿಸಿ. ಇನ್ವರ್ಟರ್ ಸೇರಿಸುವ ಶಾರ್ಟ್ ಕರೆಂಟ್ ಸಣ್ಣದು, ನಿಜ. ಆದರೆ ಡಿಸಿ ಕಡೆಯ ಆರ್ಕ್ ತಾನಾಗಿ ಆರುವುದು ಕಷ್ಟ.

ಇನ್ನು ನೀವು ಕಾರ್ಖಾನೆಯೊಳಗೆ ಏನೂ ಮುಟ್ಟದಿದ್ದರೂ ಅಂಕಿ ಬದಲಾಗಬಹುದು. ಕೆಪಿಟಿಸಿಎಲ್ ಹತ್ತಿರದಲ್ಲೇ ಹೊಸ ಸಬ್‌ಸ್ಟೇಷನ್ ಕಟ್ಟಿತು ಅಂದುಕೊಳ್ಳಿ. ಬೆಸ್ಕಾಂ ನಿಮ್ಮ ಫೀಡರ್ ಅನ್ನು, ಅಂದರೆ ನಿಮಗೆ ಕರೆಂಟ್ ತರುವ ಲೈನನ್ನು, ಅಲ್ಲಿಗೆ ಬದಲಾಯಿಸಿತು. ನಿಮಗೆ ಕಂಡದ್ದು ವೋಲ್ಟೇಜ್ ಚೆನ್ನಾಗಿ ಬರ್ತಿದೆ ಅನ್ನುವುದು ಮಾತ್ರ. ಆದರೆ ಮೇಲಿನಿಂದ ನುಗ್ಗುವ ಶಾರ್ಟ್ ಕರೆಂಟೂ ಏರಿರುತ್ತದೆ. ಇದಕ್ಕೆ ಇರುವ ದಾರಿ ಒಂದೇ. ನಮ್ಮ ಸಪ್ಲೈ ಪಾಯಿಂಟ್‌ನಲ್ಲಿ ಫಾಲ್ಟ್ ಲೆವೆಲ್ (ಶಾರ್ಟ್ ಆದರೆ ನುಗ್ಗಬಹುದಾದ ಮಟ್ಟ) ಎಷ್ಟು ಅಂತ ಲಿಖಿತವಾಗಿ ಕೇಳಿ, ಉತ್ತರವನ್ನು ಫೈಲಿನಲ್ಲಿ ಇಟ್ಟುಕೊಳ್ಳುವುದು.

ಲೆಕ್ಕದ ವಿಧಾನವೂ ಬದಲಾಗಿದೆ. ಜಗತ್ತಿನಲ್ಲಿ ಹೆಚ್ಚು ಬಳಸುವುದು ಐಟ್ರಿಪಲ್‌ಇ 1584 ಅನ್ನುವ ಮಾರ್ಗಸೂಚಿ. ಮೊದಲು ಬಂದದ್ದು 2002ರಲ್ಲಿ. 2018ರಲ್ಲಿ ಅದನ್ನು ಬುಡದಿಂದ ತಿದ್ದಿದರು. ಹಿಂದಿನದು ಸುಮಾರು 300 ಪ್ರಯೋಗಗಳ ಮೇಲೆ ನಿಂತಿತ್ತು, ಹೊಸದರ ಹಿಂದೆ 1,800ಕ್ಕೂ ಹೆಚ್ಚು ಪ್ರಯೋಗ ಇವೆ. ಮುಖ್ಯ ವ್ಯತ್ಯಾಸ ಬಸ್‌ಬಾರ್ ನಿಂತಿರುವ ದಿಕ್ಕು. ಕಂಬಿಗಳು ನೆಟ್ಟಗೆ ಇಳಿದಿದ್ದರೆ ಆರ್ಕ್ ಕೆಳಕ್ಕೆ ಹಾಯುತ್ತದೆ. ಬಾಗಿಲಿನ ಕಡೆ ಮುಖ ಮಾಡಿದ್ದರೆ ಬೆಂಕಿ ನೇರವಾಗಿ ನಿಂತವನ ಮೈಮೇಲೆ ಬರುತ್ತದೆ. ಹಳೇ ಲೆಕ್ಕಕ್ಕೆ ಈ ಭೇದ ಗೊತ್ತಿರಲಿಲ್ಲ. ಹಾಗಾಗಿ 2018ಕ್ಕಿಂತ ಮುಂಚಿನ ರಿಪೋರ್ಟ್ ಇದ್ದರೆ, ಒಂದು ತಂತಿಯೂ ಬದಲಾಗಿಲ್ಲ ಅಂದರೂ ಮತ್ತೆ ಲೆಕ್ಕ ಹಾಕಿಸಿ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಅಮೆರಿಕದ ಎನ್‌ಎಫ್‌ಪಿಎ 70ಇ ಅನ್ನುವ ಮಾನದಂಡ ಸ್ಪಷ್ಟವಾಗಿದೆ. ವ್ಯವಸ್ಥೆಯಲ್ಲಿ ಲೆಕ್ಕ ಬದಲಾಯಿಸುವಂಥ ಮಾರ್ಪಾಡು ಆದಾಗ ಅಧ್ಯಯನ ತಿದ್ದಬೇಕು. ಏನೂ ಆಗದಿದ್ದರೂ ಐದು ವರ್ಷ ದಾಟದಂತೆ ಒಮ್ಮೆ ಪರಿಶೀಲಿಸಬೇಕು. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳ ಆಡಿಟ್‌ನಲ್ಲಿ ಕೇಳುವುದು ಹೆಚ್ಚಾಗಿ ಇದನ್ನೇ. ನಮ್ಮಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. 2010ರ ನಿಯಮಗಳ ಜಾಗಕ್ಕೆ 2023ರವು ಬಂದಿವೆ. ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ, ನಾವು ಸಿಇಐಜಿ ಅಂತ ಕರೆಯುವ ಕಚೇರಿ, ಡ್ರಾಯಿಂಗ್ ಒಪ್ಪಿಗೆ ಕೊಟ್ಟು ಸ್ಥಳ ಪರಿಶೀಲನೆ ಮಾಡುತ್ತದೆ. ಅರ್ಥಿಂಗ್, ಅಂತರ, ರಬ್ಬರ್ ಮ್ಯಾಟ್, ಅಪಾಯದ ಫಲಕ ಎಲ್ಲ ಅಲ್ಲಿ ಬರುತ್ತವೆ. ಆ ಒಪ್ಪಿಗೆ ಪತ್ರ ಇದ್ದ ಮಾತ್ರಕ್ಕೆ ಸ್ಟಿಕ್ಕರ್ ಮೇಲಿನ ಕ್ಯಾಲೊರಿ ಸರಿ ಇದೆ ಅಂತ ಅರ್ಥವಲ್ಲ. ಎರಡೂ ಬೇರೆ ಬೇರೆ ಕೆಲಸ.

ಬೇರೆ ಕೆಲಸ ಆದರೂ ಕಾಗದ ಒಂದೇ. ಇದನ್ನು ಒತ್ತಿ ಹೇಳಬೇಕು. ಟ್ರಾನ್ಸ್‌ಫಾರ್ಮರ್ ಬದಲಾಯಿಸುವಾಗ ಸಿಇಐಜಿಗೆ ಹೊಸ ಡ್ರಾಯಿಂಗ್ ಕೊಟ್ಟೇ ಇರುತ್ತೀರಿ. ಕೆವಿಎ, ಕೇಬಲ್ ಸೈಜು, ಬ್ರೇಕರ್ ರೇಟಿಂಗ್ ಎಲ್ಲ ಅದರಲ್ಲಿ ಇರುತ್ತದೆ. ಅಧ್ಯಯನ ತಿದ್ದಲು ಬೇಕಾದ ಮುಕ್ಕಾಲು ಪಾಲು ಮಾಹಿತಿ ಅದೇ. ಆ ಪೀಣ್ಯದ ಕಾರ್ಖಾನೆಯಲ್ಲೂ ಹೊಸ ಡ್ರಾಯಿಂಗ್ ಇತ್ತು. ಆಫೀಸಿನ ಬೀರುವಿನಲ್ಲಿ, ಒಪ್ಪಿಗೆ ಪತ್ರದ ಜೊತೆ ಭದ್ರವಾಗಿತ್ತು. ಪ್ಯಾನೆಲ್ ರೂಮಿಗೆ ಇಳಿದು ಬಂದಿರಲಿಲ್ಲ, ಅಷ್ಟೇ.

ಹಾಗಾಗಿ ಐದು ವರ್ಷದ ಲೆಕ್ಕ ಇಟ್ಟುಕೊಂಡು ಕೂರಬೇಡಿ. ಐದು ವರ್ಷ ಅನ್ನುವುದು ಕೊನೆಯ ಗಡುವು. ಪ್ಯಾನೆಲ್ ರೂಮಿನಲ್ಲೇ ಒಂದು ದಪ್ಪ ರಟ್ಟಿನ ರಿಜಿಸ್ಟರ್ ಇಡಿ. ಬ್ರೇಕರ್ ಬದಲಾಯಿತು, ಕೇಬಲ್ ಬದಲಾಯಿತು, ಮೋಟಾರ್ ಬಂತು, ತಿರುಗುಣಿ ತಿರುಗಿತು, ಏನೇ ಆದರೂ ತಾರೀಕು ಹಾಕಿ ಒಂದು ಸಾಲು. ತಿರುಗಿಸಿದವರನ್ನು ಬೈಯಬಾರದು. ಬೈದರೆ ಬರೆಯುವುದನ್ನು ನಿಲ್ಲಿಸುತ್ತಾರೆ, ತಿರುಗಿಸುವುದನ್ನು ನಿಲ್ಲಿಸುವುದಿಲ್ಲ. ಪ್ರತಿ ಬ್ರೇಕರ್‌ನ ಸೆಟ್ಟಿಂಗ್ ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುಂದಿನ ಸಲ ಹೋಲಿಸಿ ನೋಡಲು ಐದು ನಿಮಿಷ ಸಾಕು.

ಅಧ್ಯಯನ ಮಾಡಿಸುವಾಗ ಕನ್ಸಲ್ಟೆಂಟ್ ಹತ್ತಿರ ಬರೀ ಪಿಡಿಎಫ್ ತಗೊಂಡು ಬಿಡಬೇಡಿ. ಸಾಫ್ಟ್‌ವೇರ್‌ನ ಮೂಲ ಫೈಲ್ ಕೇಳಿ ಪಡೆಯಿರಿ, ಆರ್ಡರ್‌ನಲ್ಲೇ ಬರೆಸಿ. ಅದು ನಿಮ್ಮ ಕೈಯಲ್ಲಿದ್ದರೆ ಒಂದು ಬ್ರೇಕರ್ ಬದಲಾದಾಗ ಆ ಭಾಗ ಮಾತ್ರ ತಿದ್ದಿಸಬಹುದು. ಇಲ್ಲದಿದ್ದರೆ ಪ್ರತಿ ಸಲ ಸೊನ್ನೆಯಿಂದ ಶುರು, ಪೂರ್ತಿ ದುಡ್ಡು. ಇಷ್ಟೊಂದು ಖರ್ಚಾ ಅಂತ ಮಾಲೀಕರು ಅಧ್ಯಯನವನ್ನು ಮುಂದೂಡುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಬ್ರೇಕರ್‌ನ ಆರೈಕೆಯನ್ನೂ ಮರೆಯಬಾರದು. 0.05 ಸೆಕೆಂಡ್ ಅನ್ನುವುದು ಚೆನ್ನಾಗಿ ಕೆಲಸ ಮಾಡುವ ಬ್ರೇಕರ್‌ನ ಮಾತು. ವರ್ಷಗಟ್ಟಲೆ ಸರ್ವಿಸ್ ಆಗದೆ ಗ್ರೀಸ್ ಒಣಗಿ ಅಂಟಾದ ಬ್ರೇಕರ್ ಅಷ್ಟು ಬೇಗ ಬಿಚ್ಚಿಕೊಳ್ಳುವುದಿಲ್ಲ. ಆಗ ಕಂಪ್ಯೂಟರ್ ಲೆಕ್ಕ ಎಷ್ಟೇ ಹೊಸದಿರಲಿ, ಉಪಯೋಗಕ್ಕೆ ಬರುವುದಿಲ್ಲ.

ಪೀಣ್ಯದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ ಮೇನ್ ಪ್ಯಾನೆಲ್‌ಗೆ 8 ಕ್ಯಾಲೊರಿ ಸೂಟ್ ಸಾಲುವುದಿಲ್ಲ ಅಂತ ಬಂತು. ದಪ್ಪ ಸೂಟ್ ತರಿಸಿ ಅಂತ ನಾನು ಮೊದಲು ಹೇಳಲಿಲ್ಲ. ಸೂಟ್ ಕೊನೆಯ ಗೋಡೆ. ಮೊದಲು ಬ್ರೇಕರ್ ಸೆಟ್ಟಿಂಗ್ ಇಳಿಸಿದೆವು. ದೊಡ್ಡ ಮೋಟಾರ್‌ಗೆ ಸಾಫ್ಟ್ ಸ್ಟಾರ್ಟರ್ (ಶುರುವಿನಲ್ಲಿ ಜಾಸ್ತಿ ಕರೆಂಟ್ ಎಳೆಯದಂತೆ ನಿಧಾನವಾಗಿ ಓಡಿಸುವ ಸಾಧನ) ಹಾಕಿಸಿದ್ದರಿಂದ ಅದು ಸಾಧ್ಯವಾಯಿತು. ರೇಟಿಂಗ್ ಸಾಲದ ಎಂಸಿಸಿಬಿಗಳನ್ನು ಬದಲಾಯಿಸಿದರು. ಬಸ್‌ಬಾರ್ ಕೆಲಸ ಇದ್ದರೆ ಹನ್ನೊಂದು ಕೆವಿ ಕಡೆಯಿಂದಲೇ ಆಫ್ ಮಾಡಿ, ಬೀಗ ಹಾಕಿ, ಕರೆಂಟ್ ಇಲ್ಲ ಅಂತ ಟೆಸ್ಟ್ ಮಾಡಿದ ಮೇಲಷ್ಟೇ ಕೈ ಹಾಕಬೇಕು ಅಂತ ಗೋಡೆಯ ಮೇಲೆ ಬರೆಸಿದೆವು. ಅಷ್ಟೆಲ್ಲ ಆದ ಮೇಲೆ ಲೆಕ್ಕ ಮತ್ತೆ 8ರ ಕೆಳಗೆ ಇಳಿಯಿತು.

ಹಳೇ ಸ್ಟಿಕ್ಕರ್ ಮೇಲೆ ಹೊಸದನ್ನು ಅಂಟಿಸಬೇಡಿ, ಹಳೆಯದನ್ನು ಕಿತ್ತು ಹಾಕಿ. ಮೇಲಿನದು ಸುಲಿದು ಬಿದ್ದರೆ ಹಳೇ ಅಂಕಿ ಮತ್ತೆ ಹೊರಬರುತ್ತದೆ. ಆ ಹುಡುಗ ಥಿನ್ನರ್ ಹಚ್ಚಿ, ಬ್ಲೇಡಿನಿಂದ ಕೆರೆದು, ಕುಂಕುಮದ ಸಮೇತ ಎಲ್ಲ ತೆಗೆದ. ಹೊಸದನ್ನು ಅಂಟಿಸಿ ಬೆರಳಿನಿಂದ ತೀಡಿದ. ಆಮೇಲೆ ಕೇಳಿದ, "ಸಾರ್, ಇದು ಎಲ್ಲಿವರೆಗೆ ನಡೆಯುತ್ತೆ?"

"ಇಲ್ಲಿ ಏನಾದ್ರೂ ಬದಲಾಗೋವರೆಗೆ" ಅಂದೆ. ವರ್ಷಕ್ಕೊಮ್ಮೆ ನೋಡೋದು ಯಾವಾಗ ಅಂತ ದಿನ ಗೊತ್ತು ಮಾಡಿಕೊಳ್ಳೋಣ ಅಂತ ಅವನೇ ಹೇಳಿದ. ಆಯುಧ ಪೂಜೆಗೆ ಹೇಗೂ ಮಷಿನ್ ನಿಲ್ಲಿಸಿ ಪ್ಯಾನೆಲ್ ಒರೆಸುತ್ತಾರೆ. ಹಿಂದಿನ ದಿನ ರಿಜಿಸ್ಟರ್, ನೇಮ್‌ಪ್ಲೇಟ್, ಡ್ರಾಯಿಂಗ್, ತಿರುಗುಣಿಯ ಫೋಟೋ, ನಾಲ್ಕನ್ನೂ ಹೋಲಿಸಿ ನೋಡುವುದು ಅಂತಾಯಿತು. ರಿಜಿಸ್ಟರ್‌ನ ಮೊದಲ ಪುಟದಲ್ಲಿ ಅದನ್ನು ಬರೆದ. ಕುಂಕುಮ ಇನ್ನು ಮೇಲೆ ಸ್ಟಿಕ್ಕರ್ ಮೇಲೆ ಬೇಡ, ಬಾಗಿಲಿನ ಹಿಡಿಯ ಪಕ್ಕಕ್ಕೆ ಇಡಬೇಕು ಅಂತ ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿದ.